ನಾರು ಹುಣ್ಣು ಹೋದದ್ದು ಹೇಗೆ?

(ದೋಣಿಮಲೈ ಹತ್ತಿರದ ಒಂದು ಕಲಿಕಾ ಕೇಂದ್ರದಲ್ಲಿ ಸ್ವಯಂಸೇವಕಿ ಶಿಕ್ಷಕಿಯೊಬ್ಬರು ಆಡಿದ ಮಾತು)



ಇವತ್ತು ಪಾಠ ಇಲ್ಲ. ಪುಸ್ತಕ ಮುಚ್ಚಿ ಇಡಿ. ಇವತ್ತು ಬರೀ ಮಾತಾಡೋಣ.

ಹೋದ ವಾರ ಇಲ್ಲೇ ಒಂದು ಪ್ರಶ್ನೆ ಬಂತು. ನಮ್ಮ ಕೇಂದ್ರಕ್ಕೆ ಬರುವ ಅಕ್ಕ ಒಬ್ಬರ ಮಗಳಿಗೆ ಡೆಂಗಿ ಜ್ವರ ಬಂದಿತ್ತು. ಆರು ದಿನ ಆಸ್ಪತ್ರೆಯಲ್ಲಿ ಇದ್ದರು. ಕೂಲಿ ಹೋಯಿತು. ಕಿವಿಯ ಓಲೆ ಒತ್ತೆ ಬಿತ್ತು. ಹುಡುಗಿ ಉಳಿದು ಮನೆಗೆ ಬಂದಳು, ಅದೇ ದೊಡ್ಡದು. ಆ ಅಕ್ಕ ಕೇಳಿದರು: "ಟೀಚರಮ್ಮ, ಡಾಕ್ಟರು ಈ ಜ್ವರಕ್ಕೆ ಅಂತಾನೇ ಬೇರೆ ಔಷಧಿ ಇಲ್ಲ ಅಂದ್ರು. ಔಷಧಿ ಇಲ್ಲದ ರೋಗಕ್ಕೆ ನಮ್ಮಂಥೋರು ಏನು ಮಾಡಾಕಾಗ್ತೈತ್ರಿ?"

ನನಗೆ ಆಗ ಉತ್ತರ ಹೇಳಲು ಆಗಲಿಲ್ಲ. ಮನೆಗೆ ಹೋಗಿ ರಾತ್ರಿ ಅದನ್ನೇ ಯೋಚನೆ ಮಾಡಿದೆ. ಆಗ ನಮ್ಮ ಅಜ್ಜಿಯ ಕಾಲು ನೆನಪಿಗೆ ಬಂತು.

ನಮ್ಮ ಅಜ್ಜಿಯ ಎಡಗಾಲಿನಲ್ಲಿ, ಹಿಮ್ಮಡಿಯ ಮೇಲೆ ಎರಡು ಕಲೆ ಇದ್ದವು. ರೂಪಾಯಿ ಅಗಲದ ಕಲೆ. ಅಲ್ಲಿ ಚರ್ಮ ಗಂಟು ಕಟ್ಟಿತ್ತು. ಸಣ್ಣವಳಿದ್ದಾಗ ನಾನು ಅದನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದೆ. "ಏನಜ್ಜಿ ಇದು?" ಅಂದರೆ ಅಜ್ಜಿ ಹೇಳುತ್ತಿದ್ದಳು: "ನಾರು ಬಂದಿತ್ತವ್ವಾ. ಕಾಲಾಗಿಂದ ದಾರ ಬಂದಂಗ ಹುಳ ಬರೋದು."

ನಾನು ನಂಬುತ್ತಿರಲಿಲ್ಲ. ಅಜ್ಜಿ ಕಥೆ ಕಟ್ಟುತ್ತಾಳೆ ಅಂದುಕೊಂಡಿದ್ದೆ. ಯಾಕಂದರೆ ನಾನು ಅಂಥ ಹುಳ ಎಲ್ಲೂ ನೋಡಿರಲಿಲ್ಲ. ಇಲ್ಲಿ ಕೂತಿರುವ ಚಿಕ್ಕ ವಯಸ್ಸಿನವರೂ ನೋಡಿಲ್ಲ. ಅರವತ್ತು ದಾಟಿದವರಲ್ಲಿ ಒಬ್ಬಿಬ್ಬರು ನೋಡಿರಬಹುದು. ಹೌದು, ಹಿಂದೆ ಕೂತಿರುವ ಅಜ್ಜ ತಲೆ ಆಡಿಸುತ್ತಿದ್ದಾರೆ ನೋಡಿ.

ಅದರ ಹೆಸರು ನಾರು ಹುಣ್ಣು. ಅದಕ್ಕೂ ಔಷಧಿ ಇರಲಿಲ್ಲ. ಇವತ್ತಿಗೂ ಇಲ್ಲ. ಚುಚ್ಚುಮದ್ದು ಇಲ್ಲ, ಲಸಿಕೆ ಇಲ್ಲ. ಒಮ್ಮೆ ಬಂದರೆ ಮತ್ತೆ ಬರೋದಿಲ್ಲ ಅನ್ನೋ ಹಾಗೂ ಇರಲಿಲ್ಲ. ಪ್ರತಿ ವರ್ಷ ಬಂದವರೂ ಇದ್ದರು. ಆದರೂ ಆ ರೋಗ ನಮ್ಮ ದೇಶ ಬಿಟ್ಟು ಹೋಯಿತು. ಅದು ಹೇಗೆ ಹೋಯಿತು ಅನ್ನೋದೇ ಇವತ್ತಿನ ಮಾತು.

ನಮ್ಮಪ್ಪನ ಊರು ಈಗಿನ ಕೊಪ್ಪಳ ಜಿಲ್ಲೆಯಲ್ಲಿದೆ. ಆಗ ಅದು ರಾಯಚೂರು ಜಿಲ್ಲೆ. ಮಳೆ ಕಡಿಮೆ. ಊರಿಗೆಲ್ಲ ಒಂದೇ ಕುಡಿಯುವ ನೀರಿನ ಬಾವಿ. ಸೇದುವ ಬಾವಿ ಅಲ್ಲ, ಮೆಟ್ಟಿಲು ಬಾವಿ. ನೀವು ಹಂಪಿಯಲ್ಲಿ ಪುಷ್ಕರಣಿ ನೋಡಿದ್ದೀರಲ್ಲ, ಹಾಗೆ ಮೆಟ್ಟಿಲು ಇಳಿದು ನೀರು ಮುಟ್ಟಬೇಕು. ಪುಷ್ಕರಣಿಯಷ್ಟು ಚೆಂದ ಇರಲಿಲ್ಲ ಅನ್ನಿ. ಹೆಂಗಸರು ಕೊಡ ಹಿಡಿದು ಇಳಿಯೋರು. ಮೊಣಕಾಲು ತನಕ ನೀರಿನಲ್ಲಿ ನಿಲ್ಲೋರು. ಕೊಡ ಅದ್ದಿ ತುಂಬಿಕೊಳ್ಳೋರು. ಬೇಸಿಗೆಯಲ್ಲಿ ನೀರು ತಳ ಸೇರಿದಾಗ ಒಬ್ಬರ ಕಾಲ ಬುಡದ ನೀರನ್ನೇ ಇನ್ನೊಬ್ಬರು ತುಂಬಿಕೊಳ್ಳೋರು.

ಆ ಬಾವಿಗೆ ಇಳಿಯುವ ಹಕ್ಕು ಎಲ್ಲರಿಗೂ ಇರಲಿಲ್ಲ. ಕೇರಿಯವರು ಮೇಲೆ ನಿಂತು, ಯಾರಾದರೂ ಕೊಡಕ್ಕೆ ನೀರು ಹಾಕಲಿ ಅಂತ ಕಾಯಬೇಕಿತ್ತು. ಅಜ್ಜಿ ಇದನ್ನು ಹೇಳುವಾಗ ದನಿ ತಗ್ಗಿಸುತ್ತಿದ್ದಳು. ಹುಳ ಮಾತ್ರ ಕೇರಿ ನೋಡಲಿಲ್ಲ, ಓಣಿ ನೋಡಲಿಲ್ಲ. ಆ ನೀರು ಕುಡಿದವರಿಗೆಲ್ಲ ಬಂತು.

ಈಗ ಈ ಹುಳದ ಆಟ ಕೇಳಿ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಾರು ಹುಳ ಮನುಷ್ಯನ ಮೈಯೊಳಗೆ ಚರ್ಮದ ಕೆಳಗೆ ಇರುತ್ತದೆ. ಹೆಣ್ಣು ಹುಳ ಎರಡು ಅಡಿ, ಮೂರು ಅಡಿ ಉದ್ದ ಬೆಳೆಯುತ್ತದೆ. ದಪ್ಪ ಮಾತ್ರ ಶಾವಿಗೆ ಎಳೆಯಷ್ಟು. ಸುಮಾರು ಒಂದು ವರ್ಷ ಒಳಗೇ ಇರುತ್ತದೆ. ಆಗ ಮನುಷ್ಯನಿಗೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ಅದು ಹೊರಗೆ ಬರಲು ದಾರಿ ಹುಡುಕುತ್ತದೆ. ಹೆಚ್ಚಾಗಿ ಕಾಲಿಗೆ ಇಳಿಯುತ್ತದೆ. ಅಲ್ಲಿ ಒಂದು ಬೊಬ್ಬೆ ಏಳುತ್ತದೆ. ಬೆಂಕಿ ಇಟ್ಟ ಹಾಗೆ ಉರಿ. ಆ ಉರಿಗೆ ಮನುಷ್ಯ ಏನು ಮಾಡುತ್ತಾನೆ? ತಣ್ಣನೆ ನೀರಿನಲ್ಲಿ ಕಾಲು ಇಡುತ್ತಾನೆ. ಹುಳಕ್ಕೆ ಬೇಕಾದದ್ದೂ ಅದೇ. ಕಾಲು ನೀರು ಮುಟ್ಟಿದ ಕೂಡಲೇ ಬೊಬ್ಬೆ ಒಡೆದು ಹುಳ ತಲೆ ಹೊರಗೆ ಹಾಕುತ್ತದೆ. ನೀರಿಗೆ ಲಕ್ಷಗಟ್ಟಲೆ ಮರಿ ಬಿಡುತ್ತದೆ. ಆ ಮರಿ ನಮ್ಮ ಕಣ್ಣಿಗೆ ಕಾಣುವುದಿಲ್ಲ.

ಬಾವಿ ನೀರಿನಲ್ಲಿ ಇನ್ನೊಂದು ಸಣ್ಣ ಪ್ರಾಣಿ ಇದೆ. ಅದರ ಹೆಸರು ಸೈಕ್ಲಾಪ್ಸ್. ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಬಿಸಿಲಿಗೆ ಎತ್ತಿ ನೋಡಿದರೆ ಬಿಳಿ ಚುಕ್ಕಿಯ ಹಾಗೆ ಚಿಮ್ಮುತ್ತಾ ಇರುತ್ತದೆ. ಈ ಪ್ರಾಣಿ ಹುಳದ ಮರಿಯನ್ನು ತಿನ್ನುತ್ತದೆ. ಮರಿ ಅದರ ಹೊಟ್ಟೆಯಲ್ಲಿ ಸುಮಾರು ಎರಡು ವಾರ ಬೆಳೆಯುತ್ತದೆ. ಆ ನೀರನ್ನು ನಾವು ಸೋಸದೆ ಕುಡಿದರೆ ಆ ಪ್ರಾಣಿಯೂ ಹೊಟ್ಟೆಗೆ ಹೋಗುತ್ತದೆ. ನಮ್ಮ ಹೊಟ್ಟೆಯಲ್ಲಿ ಅದು ಸಾಯುತ್ತದೆ. ಒಳಗಿದ್ದ ಮರಿ ಸಾಯುವುದಿಲ್ಲ. ಹೊರಗೆ ಬಂದು ನಮ್ಮ ಮೈಯೊಳಗೆ ಸೇರಿಕೊಳ್ಳುತ್ತದೆ. ಮತ್ತೆ ಒಂದು ವರ್ಷಕ್ಕೆ ಹುಣ್ಣು. ಮತ್ತೆ ಕಾಲು ನೀರಿಗೆ.

ಗಾಣದ ಎತ್ತು ಸುತ್ತಿದ ಹಾಗೆ ಸುತ್ತುತ್ತಲೇ ಇತ್ತು ನೋಡಿ.

ಹುಳ ಹೊರಗೆ ಬಂದಾಗ ಅದನ್ನು ಎಳೆದು ಕೀಳುವ ಹಾಗಿಲ್ಲ. ಒಂದು ಸಣ್ಣ ಕಡ್ಡಿಗೆ ಅದರ ತುದಿ ಸುತ್ತಬೇಕು. ದಿನಕ್ಕೆ ಇಷ್ಟಿಷ್ಟೇ ಸುತ್ತುತ್ತಾ ಹೋಗಬೇಕು. ಎರಡು ವಾರ, ಮೂರು ವಾರ, ಕೆಲವರಿಗೆ ಇನ್ನೂ ಹೆಚ್ಚು ದಿನ. ನಡುವೆ ತುಂಡಾದರೆ ಮುಗಿಯಿತು. ಕಾಲು ಬಾತು ಕೀವು ಆಗುತ್ತದೆ. ನಮ್ಮ ಅಜ್ಜಿಗೆ ಹಾಗೇ ಆಯಿತು. ಬೇಸಿಗೆಯಲ್ಲಿ ಹುಣ್ಣು ಎದ್ದಿತು. ಮಳೆ ಬಿದ್ದು ಬಿತ್ತನೆ ಸುರುವಾದರೂ ಅಜ್ಜಿ ಹಾಸಿಗೆ ಬಿಡಲಿಲ್ಲ. ಅಜ್ಜನಿಗೂ ಅದೇ ವರ್ಷ ಬಂದಿತ್ತು. ಬಿತ್ತೋರು ಯಾರು? ಹೊಲ ಹಾಗೇ ಬಿತ್ತು. "ಹುಳ ಕಾಲಾಗ ಇತ್ತು, ಉಪವಾಸ ಹೊಟ್ಟಿಗೆ ಬಂತು" ಅನ್ನುತ್ತಿದ್ದಳು ಅಜ್ಜಿ.

ಊರಿನಲ್ಲಿ ಇದನ್ನು ದೇವರ ಸಿಟ್ಟು ಅಂತಿದ್ದರು. ಹರಕೆ ಹೊತ್ತರು. ಬಾವಿ ನೀರಿನಿಂದ ಬರುತ್ತದೆ ಅಂತ ಯಾರಿಗೆ ಹೊಳೆಯಬೇಕು? ಇವತ್ತು ಕುಡಿದ ನೀರಿಗೆ ಬರುವ ವರ್ಷ ಹುಣ್ಣು ಏಳುತ್ತದೆ ಅಂದರೆ ಯಾರೂ ಲೆಕ್ಕ ಹಾಕುವುದಿಲ್ಲ. ಅವರು ದಡ್ಡರಲ್ಲ. ಹುಳದ ಆಟ ಅಷ್ಟು ಗುಟ್ಟಿನದು.

1983-84ರಲ್ಲಿ ಭಾರತ ಸರಕಾರ ಈ ರೋಗವನ್ನು ಬೇರು ಸಮೇತ ಕೀಳಬೇಕು ಅಂತ ಕೆಲಸ ಸುರು ಮಾಡಿತು. ಮೊದಲು ಮನೆ ಮನೆಗೆ ಹೋಗಿ ಲೆಕ್ಕ ತೆಗೆದರು. 1984ರಲ್ಲಿ ದೇಶದಲ್ಲಿ ಸುಮಾರು 40 ಸಾವಿರ ಜನರಿಗೆ ಈ ಹುಣ್ಣು ಇತ್ತು. ಏಳು ರಾಜ್ಯ, 12 ಸಾವಿರಕ್ಕೂ ಹೆಚ್ಚು ಹಳ್ಳಿ. ಅದರಲ್ಲಿ ನಮ್ಮ ಕರ್ನಾಟಕವೂ ಒಂದು. ರಾಯಚೂರು, ಗುಲ್ಬರ್ಗಾ, ಬಿಜಾಪುರದ ಕಡೆ ಈ ರೋಗ ಇತ್ತು.

ಔಷಧಿ ಇಲ್ಲ ಅಂದ ಮೇಲೆ ಆರೋಗ್ಯ ಇಲಾಖೆಯವರು ಏನು ತಂದರು? ಒಂದು ಬಟ್ಟೆ ತಂದರು. ನೀರು ಸೋಸುವ ಬಟ್ಟೆ. ಕೊಡದ ಬಾಯಿಗೆ ಬಟ್ಟೆ ಕಟ್ಟಿ, ಸೋಸಿ ಕುಡಿಯಿರಿ ಅಂದರು. ಆ ಬಿಳಿ ಚುಕ್ಕಿಯ ಪ್ರಾಣಿ ಬಟ್ಟೆಯಲ್ಲಿ ನಿಂತುಬಿಡುತ್ತದೆ. ಎರಡನೆಯದು, ಹುಣ್ಣು ಇದ್ದವರು ಬಾವಿಗೆ ಇಳಿಯಬೇಡಿ ಅಂದರು. ಅವರ ನೀರನ್ನು ಮನೆಯವರು, ಪಕ್ಕದವರು ತಂದುಕೊಡಲಿ ಅಂದರು. ಮೂರನೆಯದು, ಬಾವಿಗೆ ಟೆಮೆಫಾಸ್ ಅನ್ನುವ ಔಷಧಿಯನ್ನು ಅಳತೆ ಮಾಡಿ ಹಾಕಿದರು. ಅದು ಮನುಷ್ಯನ ರೋಗಕ್ಕೆ ಔಷಧಿ ಅಲ್ಲ, ನೀರಿನಲ್ಲಿರುವ ಆ ಸಣ್ಣ ಪ್ರಾಣಿಯನ್ನು ಕೊಲ್ಲುವ ಔಷಧಿ. ಜೊತೆಗೆ ಬೋರು ಕೊರೆದು ಕೈಪಂಪು ಹಾಕಿದರು. ಮೆಟ್ಟಿಲು ಬಾವಿಯ ಮೆಟ್ಟಿಲು ಮುಚ್ಚಿ, ಸುತ್ತ ಕಟ್ಟೆ ಕಟ್ಟಿ, ರಾಟೆ ಹಾಕಿ ಸೇದುವ ಬಾವಿ ಮಾಡಿದರು. ಕಾಲು ನೀರಿಗೆ ಮುಟ್ಟದಿದ್ದರೆ ಸಾಕಿತ್ತು.

ಹೇಳುವಾಗ ಸಲೀಸು. ನಮ್ಮಪ್ಪನ ಊರಿನಲ್ಲಿ ದೊಡ್ಡ ಜಗಳವೇ ಆಯಿತಂತೆ. "ಹಿರೇರು ಕಟ್ಟಿಸಿದ ಬಾವಿ, ಮೆಟ್ಟಿಲು ಮುಚ್ಚಾಕ ಇವರ್‍ಯಾರು?" ಅಂತ ಕೆಲವರು ಅಡ್ಡ ನಿಂತರು. ಗಂಗೆ ಪೂಜೆ ಎಲ್ಲಿ ಮಾಡೋದು ಅಂತ ಹೆಂಗಸರು ಕೇಳಿದರು. ಬೋರಿನ ನೀರು ಉಪ್ಪು, ಅದರಲ್ಲಿ ಬೇಳೆ ಬೇಯೋದಿಲ್ಲ ಅಂದರು. ಅದೂ ನಿಜವೇ. ಕೈಪಂಪಿಗೆ ಮೊದಲು ಕೈ ಹಾಕುವವರು ಯಾರು ಅಂತ ಇನ್ನೊಂದು ಜಗಳ. ಅದರ ಮಾತು ಬೇರೆ ಒಂದು ದಿನ ಆಡೋಣ, ಇವತ್ತಿಗೆ ಮುಗಿಯುವುದಿಲ್ಲ.

ಕೊನೆಗೆ ಬಾವಿ ಮುಚ್ಚಲು ಒಪ್ಪಿಸಿದ್ದು ಯಾರು ಗೊತ್ತೇ? ಆಫೀಸರು ಅಲ್ಲ. ಹುಣ್ಣಿನ ಕಲೆ ಇದ್ದ ಹೆಂಗಸರು. ನಮ್ಮ ಅಜ್ಜಿ ಕಟ್ಟೆಯ ಮೇಲೆ ಕೂತು, ಸೀರೆ ಸ್ವಲ್ಪ ಮೇಲೆ ಎತ್ತಿ, ಆ ಕಲೆ ತೋರಿಸಿದಳಂತೆ. "ನನ್ನ ಮೊಮ್ಮಕ್ಕಳಿಗೆ ಇದು ಬ್ಯಾಡ" ಅಂದಳಂತೆ. ಆಗ ನಾನು ಹುಟ್ಟಿರಲಿಲ್ಲ. ಹುಟ್ಟದ ನನ್ನ ಹೆಸರಿನಲ್ಲಿ ಅಜ್ಜಿ ಜಗಳ ಆಡಿದ್ದಳು ನೋಡಿ.

ವರ್ಷ ವರ್ಷಕ್ಕೂ ರೋಗಿಗಳ ಲೆಕ್ಕ ಇಳಿಯುತ್ತಾ ಹೋಯಿತು. ಕೊನೆ ಕೊನೆಗೆ ಹುಣ್ಣು ಇದ್ದವರನ್ನು ತೋರಿಸಿಕೊಟ್ಟವರಿಗೆ ಸರಕಾರ ಬಹುಮಾನ ಇಟ್ಟಿತ್ತು. 1996ರ ಜುಲೈ ತಿಂಗಳಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕೊನೆಯ ರೋಗಿ ಸಿಕ್ಕರು. ಆಮೇಲೆ ಯಾರೂ ಸಿಗಲಿಲ್ಲ. 2000ನೇ ಇಸವಿ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಭಾರತದಲ್ಲಿ ನಾರು ಹುಣ್ಣು ಇಲ್ಲ ಅಂತ ಪ್ರಮಾಣ ಪತ್ರ ಕೊಟ್ಟಿತು.

ಇದು ನಮ್ಮ ದೇಶದ ಕಥೆ ಮಾತ್ರ ಅಲ್ಲ. ಸಮುದ್ರದ ಆಚೆ ಆಫ್ರಿಕಾ ಖಂಡ ಇದೆ. ಅಲ್ಲಿಯೂ ನಮ್ಮಂಥ ಹಳ್ಳಿಗಳು, ನಮ್ಮಂಥ ಕೆರೆ ಕುಂಟೆಗಳು. ನೈಜೀರಿಯಾ ಅನ್ನುವ ಒಂದೇ ದೇಶದಲ್ಲಿ 1980ರ ದಶಕದ ಕೊನೆಗೆ ಲೆಕ್ಕ ಹಾಕಿದಾಗ ಆರೂವರೆ ಲಕ್ಷ ಜನರಿಗೆ ಈ ಹುಣ್ಣು ಇತ್ತು. ಅಲ್ಲಿಯೂ ಊರೂರಿಗೆ ಒಬ್ಬರು ಸ್ವಯಂಸೇವಕರು ನಿಂತರು. ಅವರೂ ಹಳ್ಳಿಯವರೇ. ಮನೆ ಮನೆಗೆ ಹೋಗಿ ಹುಣ್ಣು ಇದೆಯಾ ಅಂತ ಕೇಳೋದು, ಬಟ್ಟೆ ಕೊಡೋದು, ಕೆರೆಗೆ ಇಳಿಯಬೇಡಿ ಅನ್ನೋದು, ಇದೇ ಕೆಲಸ. 2008ರ ನವೆಂಬರಿನಲ್ಲಿ ಅಲ್ಲಿ ಕೊನೆಯ ರೋಗಿ ಸಿಕ್ಕರು. ಸುಡಾನಿನಲ್ಲಿ ದನ ಕಾಯುವವರು ಊರಿಂದ ಊರಿಗೆ ಹೋಗುತ್ತಾ ಇರುತ್ತಾರೆ. ಬಟ್ಟೆ ಕಟ್ಟಲು ಕೊಡ ಎಲ್ಲಿ ತರಬೇಕು? ಅವರಿಗೆ ಒಂದು ಕೊಳವೆ ಕೊಟ್ಟರು. ಕೊಳವೆಯ ತುದಿಗೆ ಜರಡಿ ಬಟ್ಟೆ. ಕೊರಳಿಗೆ ತಾಳಿಯ ಹಾಗೆ ಕಟ್ಟಿಕೊಂಡು ಹೋಗೋದು, ನೀರು ಕಂಡಲ್ಲಿ ಕೊಳವೆ ಇಟ್ಟು ಹೀರೋದು. ನನಗೆ ಇದು ಬಹಳ ಹಿಡಿಸಿತು. ಯಾರೋ ಕುರಿ ಕಾಯುವವರ ಕಷ್ಟ ಬಲ್ಲವರೇ ಇದನ್ನು ಮಾಡಿರಬೇಕು.

1986ರಲ್ಲಿ ಇಡೀ ಪ್ರಪಂಚದಲ್ಲಿ ಸುಮಾರು 35 ಲಕ್ಷ ಜನರಿಗೆ ನಾರು ಹುಣ್ಣು ಇತ್ತು. 2023ರಲ್ಲಿ 14 ಜನರಿಗೆ. ಸಾವಿರ ಅಲ್ಲ, ಲಕ್ಷ ಅಲ್ಲ, ಬರೀ ಹದಿನಾಲ್ಕು ಜನ. ಪೂರ್ತಿ ಹೋಗಿಲ್ಲ. ಚಾಡ್ ಅನ್ನುವ ದೇಶದಲ್ಲಿ ಈ ಹುಳ ನಾಯಿಗಳಿಗೂ ಬರುತ್ತದೆ ಅಂತ 2012ರಲ್ಲಿ ಗೊತ್ತಾಯಿತು. ಈಗ ಅಲ್ಲಿ ನಾಯಿ ಕಟ್ಟಿ ಹಾಕುತ್ತಾರೆ, ಮೀನಿನ ಕರುಳು ನಾಯಿಗೆ ಸಿಗದ ಹಾಗೆ ಹೂಳುತ್ತಾರೆ.

ಈಗ ನಮ್ಮ ಅಕ್ಕ ಕೇಳಿದ ಪ್ರಶ್ನೆಗೆ ಬರುತ್ತೇನೆ. ಡೆಂಗಿ.

ಡೆಂಗಿಯನ್ನು ತರುವುದು ಸೊಳ್ಳೆ. ಚರಂಡಿಯ ಸೊಳ್ಳೆ ಅಲ್ಲ. ಮೈಮೇಲೆ, ಕಾಲಮೇಲೆ ಬಿಳಿ ಪಟ್ಟೆ ಇರುವ ಸೊಳ್ಳೆ. ಇದು ಹಗಲು ಹೊತ್ತು ಕಚ್ಚುತ್ತದೆ. ಒಳ್ಳೆಯ ನೀರಿನಲ್ಲಿ ಮೊಟ್ಟೆ ಇಡುತ್ತದೆ. ಅಂದರೆ ನಮ್ಮ ಡ್ರಮ್ಮು, ತೊಟ್ಟಿ, ಸಿಂಟೆಕ್ಸು, ದನದ ಬಾನಿ. ಮನೆ ಮೇಲೆ ಹೊದಿಸಿದ ತಾಡಪಾಲಿನ ಗುಂಡಿ. ಇನ್ನೊಂದು, ನಮ್ಮ ಕಡೆ ಬಹಳ ಇರುವುದು: ಹಳೇ ಟೈರು. ಅದಿರಿನ ಲಾರಿ ಓಡಾಡುವ ರಸ್ತೆ ನಮ್ಮದು. ಪಂಚರ್ ಅಂಗಡಿ ಹಿಂದೆ ಟೈರಿನ ರಾಶಿ. ಒಂದು ಮಳೆ ಬಿದ್ದರೆ ಒಂದೊಂದು ಟೈರಿನಲ್ಲೂ ಒಂದು ಬೊಗಸೆ ನೀರು. ಸೊಳ್ಳೆಗೆ ಅಷ್ಟು ಸಾಕು, ಕೆರೆ ಬೇಕಿಲ್ಲ.

ಮೊಟ್ಟೆ ಒಡೆದು ಮರಿ ಆಗಿ, ರೆಕ್ಕೆ ಬಂದು ಹಾರಲು ಏಳೆಂಟು ದಿನ, ಹತ್ತು ದಿನ ಬೇಕು. ಅದಕ್ಕೇ ವಾರಕ್ಕೆ ಒಂದು ಸಲ ನೀರು ಖಾಲಿ ಮಾಡಿ ಅಂತ ಆಶಾ ಕಾರ್ಯಕರ್ತೆಯರು ಹೇಳುವುದು. ವಾರದೊಳಗೆ ಚೆಲ್ಲಿದರೆ ಮರಿ ಹಾರುವ ಮುಂಚೆ ಸಾಯುತ್ತದೆ. ಆದರೆ ಚೆಲ್ಲಿದರೆ ಮಾತ್ರ ಸಾಲದು. ಮೊಟ್ಟೆ ಡ್ರಮ್ಮಿನ ಒಳಗೋಡೆಗೆ, ನೀರಿನ ಅಂಚಿಗೆ ಅಂಟಿಕೊಂಡಿರುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಮತ್ತೆ ನೀರು ತುಂಬಿದಾಗ ಒಡೆಯುತ್ತದೆ. ಅದಕ್ಕೆ ಒಳಗೋಡೆಯನ್ನು ತೆಂಗಿನ ನಾರು ಹಾಕಿ ಗಸಗಸ ಉಜ್ಜಬೇಕು. ಈ ನಾರು ಒಳ್ಳೇ ನಾರು, ಹೆದರಬೇಡಿ.

ಗೊತ್ತು, ನೀವು ಏನು ಹೇಳುತ್ತೀರಿ ಅಂತ ಗೊತ್ತು. "ಐದು ದಿನಕ್ಕೊಮ್ಮೆ ನೀರು ಬರ್ತಾವ. ತುಂಬಿದ ಡ್ರಮ್ಮು ಚೆಲ್ಲಿ ಕುಡಿಯಾಕ ಏನು ಮಾಡೋಣ?" ಈ ಮಾತು ಸರಿ. ನೀರು ಚೆಲ್ಲಿ ಅಂತ ಹೇಳುವುದು ಸಲೀಸು, ಕೊಡ ಹೊತ್ತವರಿಗೆ ಗೊತ್ತು ಅದರ ಬೆಲೆ. ನಾನು ಹೇಳುವುದು ಇಷ್ಟು. ನೀರು ಬರುವ ದಿನ ಡ್ರಮ್ಮಿನ ತಳದಲ್ಲಿ ಸ್ವಲ್ಪ ನೀರು ಉಳಿದಿರುತ್ತದೆ. ಅದನ್ನು ಬಟ್ಟೆಯಲ್ಲಿ ಸೋಸಿ ಬಕೆಟ್ಟಿಗೆ ತೆಗೆದುಕೊಳ್ಳಿ. ಪಾತ್ರೆ ತೊಳೆಯಲು ಆಗುತ್ತದೆ. ಖಾಲಿ ಡ್ರಮ್ಮು ಉಜ್ಜಿ, ತೊಳೆದು, ಆಮೇಲೆ ಹೊಸ ನೀರು ಹಿಡಿಯಿರಿ. ತುಂಬಿದ ಮೇಲೆ ಹಳೇ ಪಂಚೆಯನ್ನು ಎರಡು ಪದರ ಮಾಡಿ ಡ್ರಮ್ಮಿನ ಬಾಯಿಗೆ ಬಿಗಿಯಾಗಿ ಕಟ್ಟಿ. ಮೇಲೆ ತಟ್ಟೆ ಇಟ್ಟರೆ ಸಂದಿ ಉಳಿಯುತ್ತದೆ, ಸೊಳ್ಳೆ ನುಸುಳುತ್ತದೆ. ಬಟ್ಟೆಯಾದರೆ ನುಸುಳಲು ಜಾಗ ಇಲ್ಲ. ಅಜ್ಜಿ ಕಾಲದಲ್ಲಿ ಕೊಡದ ಬಾಯಿಗೆ ಕಟ್ಟಿದರು, ನಾವು ಡ್ರಮ್ಮಿನ ಬಾಯಿಗೆ ಕಟ್ಟೋಣ. ಖಾಲಿ ಮಾಡಲು ಆಗದ ದೊಡ್ಡ ತೊಟ್ಟಿಗೆ ಗಪ್ಪಿ ಮೀನು ಬಿಡಬಹುದು. ಅದು ಸೊಳ್ಳೆ ಮರಿ ತಿನ್ನುತ್ತದೆ. ಆರೋಗ್ಯ ಇಲಾಖೆಯವರು ಟೆಮೆಫಾಸ್ ತಂದು ಹಾಕುವುದೂ ಉಂಟು. ಹೌದು, ಅಜ್ಜಿಯ ಊರಿನ ಬಾವಿಗೆ ಹಾಕಿದ ಔಷಧಿಯೇ. ಅದನ್ನು ಅವರೇ ಅಳತೆ ಮಾಡಿ ಹಾಕಲಿ, ನಾವು ಕೈಗೆ ಬಂದಷ್ಟು ಸುರಿಯಬಾರದು.

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಹುಡುಗಿಗೆ ಜ್ವರ ಬಂದಾಗ ಆಶಾ ಅಕ್ಕ ನಮ್ಮ ಓಣಿಯ ಮನೆಗಳನ್ನೆಲ್ಲ ನೋಡುತ್ತಾ ಬಂದರು. ನಾನು ಟೀಚರು ಅಂತ ಜೊತೆಗೆ ಜಂಬದಿಂದ ಹೋದೆ. ಮೂರು ಮನೆಯಲ್ಲಿ ಮರಿ ಸಿಕ್ಕಿತು. ಮೂರನೆಯ ಮನೆ ನನ್ನದು. ಬಚ್ಚಲ ಹಿಂದಿನ ನೀಲಿ ಡ್ರಮ್ಮು. ಟಾರ್ಚು ಬಿಟ್ಟು ನೋಡಿದರೆ ಬಾಲ ಬಡಿಯುತ್ತಾ ನೂರಾರು ಮರಿ ಮೇಲೆ ಕೆಳಗೆ ಆಡುತ್ತಿದ್ದವು. ಆ ಹುಡುಗಿಯ ಮನೆ ನಮ್ಮ ಮನೆಯಿಂದ ನಾಲ್ಕನೇ ಮನೆ. ಈ ಸೊಳ್ಳೆ ಬಹಳ ದೂರ ಹಾರುವುದಿಲ್ಲ, ಹುಟ್ಟಿದ ಓಣಿಯಲ್ಲೇ ಸುತ್ತುತ್ತದೆ. ಅವಳಿಗೆ ಕಚ್ಚಿದ ಸೊಳ್ಳೆ ಯಾರ ಡ್ರಮ್ಮಿನದು ಅಂತ ನನಗೆ ಗೊತ್ತಿಲ್ಲ. ಅಕ್ಕ ಹೋದ ವಾರ ಪ್ರಶ್ನೆ ಕೇಳಿದಾಗ ನಾನು ಸುಮ್ಮನಾದದ್ದು ಅದಕ್ಕೇ.

ನಾರು ಹುಣ್ಣು ಹೋದ ಹಾಗೆ ಡೆಂಗಿಯೂ ಪೂರ್ತಿ ಹೋಗುತ್ತದೆ ಅಂತ ನಾನು ಸುಳ್ಳು ಹೇಳುವುದಿಲ್ಲ. ಹುಳ ಕಾಯುತ್ತಾ ಬಾವಿಯಲ್ಲಿ ಕೂತಿತ್ತು, ಸೊಳ್ಳೆ ಹಾರಿ ಬರುತ್ತದೆ. ಡೆಂಗಿಯಲ್ಲಿ ನಾಲ್ಕು ಜಾತಿ ಇದೆ, ಒಮ್ಮೆ ಬಂದವರಿಗೆ ಮತ್ತೆ ಬರಬಹುದು. 2024ರಲ್ಲಿ ನಮ್ಮ ರಾಜ್ಯದಲ್ಲಿ ಡೆಂಗಿ ಎಷ್ಟು ಹಬ್ಬಿತು ಅಂದರೆ ಸರಕಾರ ಅದನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತು. ಒಂದು ಮನೆಯವರು ಉಜ್ಜಿ, ಪಕ್ಕದ ಮನೆಯವರು ಬಿಟ್ಟರೆ ಉಜ್ಜಿದ್ದು ದಂಡ. ಓಣಿ ಪೂರ್ತಿ ಮಾಡಿದರೆ ಓಣಿಯಲ್ಲಿ ಸೊಳ್ಳೆ ಕಡಿಮೆ ಆಗುತ್ತದೆ. ಅಷ್ಟಂತೂ ಖಂಡಿತ.

ಇನ್ನೂ ಎರಡು ಮಾತು ಇದೆ. ಜ್ವರ ಬಂದವರನ್ನು ಹಗಲಿನಲ್ಲೂ ಸೊಳ್ಳೆ ಪರದೆಯೊಳಗೆ ಮಲಗಿಸಿ. ಅವರನ್ನು ಕಚ್ಚಿದ ಸೊಳ್ಳೆಯೇ ರೋಗ ಹೊತ್ತು ಇನ್ನೊಬ್ಬರಿಗೆ ಕೊಡುತ್ತದೆ. ಅಂಗಡಿಯಿಂದ ಮೈಕೈ ನೋವಿನ ಮಾತ್ರೆ ತಂದು ನುಂಗಿಸಬೇಡಿ. ಕೆಲವು ಮಾತ್ರೆಯಿಂದ ಡೆಂಗಿಯಲ್ಲಿ ರಕ್ತ ಸೋರುವುದು ಹೆಚ್ಚಾಗುತ್ತದೆ. ಜ್ವರ ಇಳಿಯಿತು ಅಂತ ಮೈ ಮರೆಯಲೂ ಬೇಡಿ. ಜ್ವರ ಇಳಿಯುವ ಹೊತ್ತಿಗೇ ಅಪಾಯ ಸುರುವಾಗುವುದು ಉಂಟು. ಹೊಟ್ಟೆ ನೋವು, ಮೇಲಿಂದ ಮೇಲೆ ವಾಂತಿ, ಒಸಡಿನಲ್ಲಿ ರಕ್ತ, ಮಂಪರು, ಇದರಲ್ಲಿ ಒಂದು ಕಂಡರೂ ಆ ಕೂಡಲೇ ಆಸ್ಪತ್ರೆಗೆ ಹೋಗಿ. ಬೆಳಗಾಗಲಿ ಅಂತ ಕಾಯಬೇಡಿ.

ಈಗ ಕೆಲಸದ ಮಾತು. ಇಲ್ಲಿ ಒಂದು ಡಬ್ಬ ಸೀಮೆಸುಣ್ಣ ಇದೆ. ಹೋಗುವಾಗ ಒಬ್ಬೊಬ್ಬರು ಒಂದೊಂದು ತುಂಡು ತೆಗೆದುಕೊಂಡು ಹೋಗಿ. ಡ್ರಮ್ಮು ಉಜ್ಜಿದ ದಿನ ಅದರ ಹೊಟ್ಟೆಯ ಮೇಲೆ ತಾರೀಖು ಬರೆಯಿರಿ. ಕೆಳಗೆ ನಿಮ್ಮ ಹೆಸರು. ಅಂಕಿ ಬರೆಯಲು ಬರುತ್ತದೆ, ಹೆಸರು ಬರೆಯಲು ಬರುತ್ತದೆ, ಇನ್ನೇನು ಬೇಕು? ಏಳು ದಿನ ಆಯಿತೋ ಇಲ್ಲವೋ ಅಂತ ಡ್ರಮ್ಮೇ ಹೇಳುತ್ತದೆ. ಅಕ್ಷರ ಸೊಟ್ಟ ಆದರೆ ನಾನು ಬೈಯುವುದಿಲ್ಲ.

ಪಂಚರ್ ಅಂಗಡಿಯ ಅಣ್ಣನ ಜೊತೆ ನಿನ್ನೆ ಮಾತಾಡಿದ್ದೇನೆ. ಟೈರು ಎತ್ತಿ ಶೆಡ್ಡಿನೊಳಗೆ ಹಾಕಲು ನಾಲ್ಕು ಆಳು ಬಂದರೆ ಜಾಗ ಮಾಡಿಕೊಡುತ್ತೇನೆ ಅಂದರು. ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಅಲ್ಲಿ ಸೇರೋಣ. ಅದಕ್ಕೂ ಮುಂಚೆ ಆರೂವರೆಗೆ ನಮ್ಮ ಮನೆಗೆ ಬನ್ನಿ. ಆ ನೀಲಿ ಡ್ರಮ್ಮು ಉಜ್ಜಿ ತಾರೀಖು ಬರೆದಿದ್ದೇನೆ. ಸರಿಯಾಗಿ ಉಜ್ಜಿದ್ದೀನಾ ಇಲ್ಲವಾ ಅಂತ ನೀವೇ ಟಾರ್ಚು ಬಿಟ್ಟು ನೋಡಿ ಹೇಳಿ.